ಕೆರೆಯಲ್ಲಿ ಕಂಡ ಆ ದೊಡ್ಡ ಬಾತು ಯಾವುದು?

ಪ್ರಶ್ನೆ: ಈ ಚಳಿಗಾಲದಲ್ಲಿ ನಮ್ಮೂರ ಕೆರೆಯಲ್ಲಿ ಬಾತುಕೋಳಿಗಿಂತ ದೊಡ್ಡದಾದ ಬೂದು ಬಣ್ಣದ ಹಕ್ಕಿ ಕಂಡಿತು. ಅದು ವಲಸೆ ಬಂದದ್ದಾ, ಯಾರಾದರೂ ಸಾಕಿದ್ದಾ? ತಿಳಿಯೋದು ಹೇಗೆ?

ಉತ್ತರ: ಮೊದಲು ತಲೆಯ ಹಿಂಭಾಗ ನೋಡಿ. ಬಿಳಿ ತಲೆಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ ಇದ್ದರೆ ಅನುಮಾನವೇ ಬೇಡ, ಅದು ಪಟ್ಟೆತಲೆ ಹೆಬ್ಬಾತು. ಮೈ ತಿಳಿಬೂದು. ಕೊಕ್ಕು, ಕಾಲು ಹಳದಿ-ಕಿತ್ತಳೆ, ಕೊಕ್ಕಿನ ತುದಿ ಮಾತ್ರ ಕಪ್ಪು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯವನ್ನೇ ದಾಟಿ ನಮ್ಮ ಕೆರೆಗಳಿಗೆ ಬರುವ ಹಕ್ಕಿ ಇದು. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಂದಲೇ ಹೆಸರಾಗಿದೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಇವು ಬರುತ್ತವೆ.

ಪಟ್ಟೆ ಕಾಣಲಿಲ್ಲ ಅಂತ ಬೇಗ ಕೈಬಿಡಬೇಡಿ. ಆ ವರ್ಷ ಹುಟ್ಟಿದ ಮರಿಗಳಿಗೆ ಪಟ್ಟೆ ಇನ್ನೂ ಮೂಡಿರುವುದಿಲ್ಲ. ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೂ ಬರೀ ಗಾಢ ಬೂದು ಬಣ್ಣ ಇರುತ್ತದೆ. ಸುತ್ತ ಕಣ್ಣಾಡಿಸಿ, ಪಟ್ಟೆಯಿರುವ ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಜೊತೆಯಲ್ಲೇ ಇರುತ್ತವೆ.

ಸಾಕಿದ ಹೆಬ್ಬಾತು ಬೇರೆಯೇ ಥರ. ಹಿಂಭಾಗ ಭಾರವಾಗಿ ಜೋತುಬಿದ್ದಿರುತ್ತದೆ. ಎಷ್ಟೋ ಸಲ ಕೊಕ್ಕಿನ ಬುಡದಲ್ಲಿ ಗಂಟು ಇರುತ್ತದೆ. ನೀವು ಹತ್ತಿರ ಹೋದರೂ ಹಾರುವ ಗೋಜಿಗೆ ಹೋಗುವುದಿಲ್ಲ, ಕೂಗಿಕೊಂಡು ಮೈಮೇಲೆ ಬರುವುದೂ ಉಂಟು. ಕಾಡಿನದು ದೂರದಿಂದಲೇ ಕತ್ತು ಎತ್ತಿ ನೋಡುತ್ತದೆ, ಆಮೇಲೆ ಗುಂಪಾಗಿ ಹಾರಿಬಿಡುತ್ತದೆ.

ಗಂಟಿನ ವಿಷಯದಲ್ಲೇ ಜನ ಜಾಸ್ತಿ ಎಡವುವುದು. ಕೊಕ್ಕಿನ ಮೇಲೆ ಎದ್ದು ಕಾಣುವ ಕಪ್ಪು ಉಬ್ಬು, ಬಿಳಿ ತಲೆ ತುಂಬ ಕಪ್ಪು ಚುಕ್ಕೆ, ಬಿಳಿ ಎದೆ, ಮಿರುಗುವ ಕಪ್ಪು ಬೆನ್ನು ಇದ್ದರೆ ಅದು ನಾಬ್-ಬಿಲ್ಡ್ ಡಕ್ ಗಂಡು. ಪೂರ್ತಿ ಕಾಡಿನ ಹಕ್ಕಿ, ಕಂಡರೆ ಖಂಡಿತ ಬರೆದಿಡಿ. ಆದರೆ ಮುಖದ ತುಂಬ ಕೆಂಪು, ಗಂಟುಗಂಟು ಚರ್ಮ ಇದ್ದರೆ ಅದು ಮಸ್ಕೋವಿ. ದಕ್ಷಿಣ ಅಮೆರಿಕ ಮೂಲದ ಸಾಕುಬಾತು, ಯಾರದೋ ಮನೆಯಿಂದ ಬಂದದ್ದು.

ಪಟ್ಟೆತಲೆಗಳು ಹಗಲಲ್ಲಿ ನೀರಿನ ಅಂಚಿನಲ್ಲಿ ಸುಧಾರಿಸಿಕೊಳ್ಳುತ್ತವೆ. ಸಂಜೆಯಾದರೆ ಮೇಯಲು ಹೊಲ ಗದ್ದೆಗೆ ಹೊರಡುತ್ತವೆ. ಹಾಗಾಗಿ ಫೋಟೊಗಾಗಿ ಹಗಲಲ್ಲಿ ಎಬ್ಬಿಸಬೇಡಿ, ಏರಿಯ ಮೇಲೇ ಸುಮ್ನೆ ಕೂತು ಕಾಯಿರಿ. ತಲೆ, ಕೊಕ್ಕು ಕಾಣುವಂತೆ ಪಕ್ಕದಿಂದ ಒಂದು ಫೋಟೊ, ಹಾರುವಾಗ ರೆಕ್ಕೆಯದು ಇನ್ನೊಂದು ಸಿಕ್ಕರೆ ಸಾಕು. ಕೊರಳನ್ನೂ ನೋಡಿ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳಿಗೆ ಹಸಿರು ಕೊರಳಪಟ್ಟಿ ಹಾಕಿದ್ದಾರೆ, ಅಂಥವು ಮೈಸೂರಿನ ಕಡೆಯ ಕೆರೆಗಳಲ್ಲೂ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಸಿಕ್ಕರೆ ದಿನಾಂಕ, ಕೆರೆಯ ಹೆಸರಿನ ಜೊತೆ ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸುವ ಜಾಲತಾಣ) ಹಾಕಿ.