ಟೀಚ್ ಗ್ರಾಂಟ್ ದುಪ್ಪಟ್ಟು ಮಾಡಿದರೆ ಸಾಕಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಶಿಕ್ಷಕರಾಗಲು ಓದುವವರಿಗೆ ಸಿಗುವ ಟೀಚ್ ಗ್ರಾಂಟನ್ನು ವರ್ಷಕ್ಕೆ 4,000 ಡಾಲರ್‌ನಿಂದ 8,000ಕ್ಕೆ ಏರಿಸಬೇಕು, ಆಗ ಕಪ್ಪುವರ್ಣೀಯ ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಯುವಕರು ಜಾಸ್ತಿ ಸಂಖ್ಯೆಯಲ್ಲಿ ಮೇಷ್ಟ್ರಾಗುತ್ತಾರೆ ಎನ್ನುತ್ತಾರೆ. ಕಾಲೇಜು ಓದಲು ದುಡ್ಡು ಕೊಟ್ಟರೆ ಶಾಲೆಯ ಸ್ಟಾಫ್ ರೂಮ್ ನಿಜವಾಗಿ ಬದಲಾಗುತ್ತದಾ?

ಉತ್ತರ: ಬದಲಾಗಬಹುದು. ಆದರೆ ಮೊತ್ತ ಏರಿಸಿದರೆ ಮಾತ್ರ ಸಾಲದು, ಆ ದುಡ್ಡಿಗೆ ಅಂಟಿಕೊಂಡಿರುವ ಷರತ್ತೂ ಬದಲಾಗಬೇಕು.

ಮೊದಲು ಕೊರತೆ ಎಷ್ಟಿದೆ ನೋಡಿ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಿಳಿಯರಲ್ಲ. ಪಾಠ ಮಾಡುವವರಲ್ಲಿ ಮಾತ್ರ ಶೇ 80ರಷ್ಟು ಬಿಳಿಯರು. ಇದು ತಾನಾಗಿ ಆದದ್ದಲ್ಲ. 1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂತು, ಬಣ್ಣ ನೋಡಿ ಶಾಲೆ ಬೇರೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪೇ. ಆದರೆ ದಕ್ಷಿಣದ ಕಡೆಯ ರಾಜ್ಯಗಳು ಕಪ್ಪುವರ್ಣೀಯರ ಶಾಲೆಗಳನ್ನು ಮುಚ್ಚಿ ಮಕ್ಕಳನ್ನಷ್ಟೇ ಬಿಳಿಯರ ಶಾಲೆಗೆ ಕಳಿಸಿದವು, ಮೇಷ್ಟ್ರುಗಳನ್ನು ಮನೆಗೆ ಕಳಿಸಿದವು. 1965ರ ಹೊತ್ತಿಗೆ 17 ರಾಜ್ಯಗಳಲ್ಲಿ ಸುಮಾರು 38,000 ಕಪ್ಪುವರ್ಣೀಯ ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡಿದ್ದರು. ಆ ಗಾಯ ಇನ್ನೂ ಮಾಗಿಲ್ಲ.

ಯಾರು ಪಾಠ ಮಾಡಿದರೇನು, ಪಾಠ ಚೆನ್ನಾಗಿದ್ದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಟೆನೆಸ್ಸಿಯ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಮೂರನೇ ತರಗತಿ ಮುಗಿಯುವುದರೊಳಗೆ ತಮ್ಮದೇ ಬಣ್ಣದ ಒಬ್ಬ ಶಿಕ್ಷಕರಾದರೂ ಸಿಕ್ಕಿದ್ದ ಕಪ್ಪುವರ್ಣೀಯ ಮಕ್ಕಳು ಕಾಲೇಜು ಸೇರುವ ಸಾಧ್ಯತೆ ಶೇ 13ರಷ್ಟು ಜಾಸ್ತಿ ಇತ್ತು. ಒಬ್ಬರೇ ಒಬ್ಬರು ಶಿಕ್ಷಕರು ಸಿಕ್ಕಿದ್ದಕ್ಕೆ ಇಷ್ಟು.

ಇನ್ನು ಗ್ರಾಂಟಿನ ವಿಷಯ. 2007ರ ಕಾನೂನಿನಿಂದ ಶುರುವಾದ ಟೀಚ್ ಗ್ರಾಂಟ್ ವರ್ಷಕ್ಕೆ 4,000 ಡಾಲರ್‌ವರೆಗೆ ಕೊಡುತ್ತದೆ. ಡಿಗ್ರಿ ಮುಗಿಯುವವರೆಗೆ ಒಟ್ಟು 16,000. ಬದಲಿಗೆ ವಿದ್ಯಾರ್ಥಿ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು: ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ, ಶಿಕ್ಷಕರ ಕೊರತೆ ಇರುವ ವಿಷಯ ಕಲಿಸಬೇಕು. ಗಣಿತ, ವಿಜ್ಞಾನ, ವಿಶೇಷ ಮಕ್ಕಳ ಶಿಕ್ಷಣ, ದ್ವಿಭಾಷಾ ಬೋಧನೆ, ಇಂಥವು.

ಕಷ್ಟ ಇರುವುದು ಇಲ್ಲಿ. ಒಬ್ಬಳು ಹುಡುಗಿ ಪೂರ್ತಿ 16,000 ತಗೊಂಡು ಓದಿ, ಗಣಿತದ ಟೀಚರ್ ಆಗಿ ಮೂರು ವರ್ಷ ದುಡಿದಳು ಅಂದುಕೊಳ್ಳಿ. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋದಳು, ನಾಲ್ಕನೇ ವರ್ಷ ಕೈಗೂಡಲೇ ಇಲ್ಲ. ಮೂರು ವರ್ಷದ ಲೆಕ್ಕ ಕಳೆದು ಉಳಿದ ಕಾಲು ಭಾಗ ಕಟ್ಟು ಅನ್ನುವುದಿಲ್ಲ. ಇಡೀ 16,000 ಸಾಲವಾಗುತ್ತದೆ. ಬಡ್ಡಿಯೂ ಇವತ್ತಿನಿಂದಲ್ಲ, ಕಾಲೇಜಿನಲ್ಲಿ ಒಂದೊಂದು ಕಂತು ಕೈಗೆ ಬಂದ ದಿನದಿಂದ. ಅಪ್ಪ ಅಮ್ಮ ಸಾಲ ತೀರಿಸುವ ಮನೆಯ ಹುಡುಗಿಗೆ ಇದು ಬೇಸರವಷ್ಟೇ, ಅಂಥ ಆಸರೆ ಇಲ್ಲದವಳಿಗೆ ಹೊಡೆತ. ಕಪ್ಪುವರ್ಣೀಯ ಪದವೀಧರರ ಮೇಲೆ, ಓದು ಮುಗಿದು ನಾಲ್ಕು ವರ್ಷವಾದಾಗ, ಬಿಳಿಯ ಸಹಪಾಠಿಗಳಿಗಿಂತ ಸುಮಾರು ದುಪ್ಪಟ್ಟು ಸಾಲ ಇರುತ್ತದೆಂದು ಇನ್ನೊಂದು ಅಧ್ಯಯನ ಹೇಳುತ್ತದೆ. ಯಾರಿಗಾಗಿ ಈ ಗ್ರಾಂಟ್ ಬೆಳೆಯಬೇಕೋ ಅವರೇ ಸಹಿ ಹಾಕಲು ಹೆದರುತ್ತಾರೆ.

ಹೆದರಿಕೆಗೆ ಕಾರಣವೂ ಇದೆ. 2014ರ ಜೂನ್ ಹೊತ್ತಿಗೆ ಈ ಗ್ರಾಂಟ್ ಪಡೆದ 1,12,000ಕ್ಕೂ ಜಾಸ್ತಿ ಜನರಲ್ಲಿ ಸುಮಾರು 36,000 ಮಂದಿಯ ಹಣ ಸಾಲವಾಗಿ ಬದಲಾಗಿತ್ತು ಎಂದು ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿತು. ವರ್ಷಕ್ಕೊಮ್ಮೆ ಪ್ರಿನ್ಸಿಪಾಲರ ಸಹಿ ಇರುವ ಫಾರ್ಮ್ ಕಳಿಸಬೇಕಿತ್ತು. ಅದು ತಡವಾಯಿತು, ಒಂದು ಕಡೆ ತಾರೀಖು ಬಿಟ್ಟುಹೋಯಿತು ಅಂತ ಕಲಿಸುತ್ತಿದ್ದವರಿಗೇ ಸಾಲ ಹೊರಿಸಿದ ಉದಾಹರಣೆಗಳಿವೆ. ಶಿಕ್ಷಕರು ಹೋರಾಡಿದ ಮೇಲೆ ನಿಯಮ ಸಡಿಲವಾಯಿತು. 2021ರ ಜುಲೈಯಿಂದ ಕಾಗದ ತಡವಾದ ಮಾತ್ರಕ್ಕೆ ಗ್ರಾಂಟ್ ಸಾಲವಾಗುವುದಿಲ್ಲ. ಮೂರು ವರ್ಷ ದುಡಿದರೂ ಪೂರ್ತಿ ಕಟ್ಟಬೇಕೆಂಬ ಷರತ್ತು ಮಾತ್ರ ಹಾಗೇ ಉಳಿದಿದೆ.

ಅರ್ಹತೆಯ ಕಡೆಯೂ ಒಂದು ತೊಡಕಿದೆ. 4ಕ್ಕೆ 3.25 ಜಿಪಿಎ, ಅಂದರೆ ಅಂಕಗಳ ಸರಾಸರಿ, ಬೇಕು, ಇಲ್ಲವೇ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಕಾಲು ಭಾಗದಲ್ಲಿರಬೇಕು. ರಾತ್ರಿ ಪಾಳಿ ಕೆಲಸ ಮಾಡಿ ಹಗಲು ಕ್ಲಾಸಿಗೆ ಬರುವ ಹುಡುಗ 3.1ಕ್ಕೆ ನಿಂತರೆ ಅವನು ಮೇಷ್ಟ್ರಾಗಲು ಲಾಯಕ್ಕಿಲ್ಲವಾ? ನನಗಂತೂ ಈ ಗೆರೆ ಸರಿಯೆನಿಸುವುದಿಲ್ಲ.

ಮೊತ್ತವನ್ನು 8,000ಕ್ಕೆ ಏರಿಸುವ ಡೈವರ್ಸಿಫೈ ಆಕ್ಟ್ ಎಂಬ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಂಡನೆಯಾಗಿದೆ, ಕಾನೂನಾಗಿಲ್ಲ. 2021ರಲ್ಲಿ ಬೈಡನ್ ಅವರ ಅಮೆರಿಕನ್ ಫ್ಯಾಮಿಲೀಸ್ ಯೋಜನೆಯಲ್ಲೂ ಇದೇ ಪ್ರಸ್ತಾಪವಿತ್ತು. ನನ್ನ ಕೈಲಿದ್ದರೆ ಮೊದಲು ಕಲಿಸಿದ ಪ್ರತಿ ವರ್ಷಕ್ಕೂ ಕಾಲು ಭಾಗ ಮನ್ನಾ ಮಾಡುತ್ತಿದ್ದೆ, ಮೊತ್ತದ ಮಾತು ಆಮೇಲೆ.

ಇನ್ನೊಂದು ದಾರಿ ವಿದ್ಯಾರ್ಥಿಗೆ ಬದಲು ಕಾಲೇಜಿಗೇ ಹಣ ಕೊಡುವುದು. ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಕಪ್ಪುವರ್ಣೀಯ ಸದಸ್ಯ ಆಗಸ್ಟಸ್ ಹಾಕಿನ್ಸ್ ಹೆಸರಿನಲ್ಲಿ 2008ರ ಉನ್ನತ ಶಿಕ್ಷಣ ಕಾನೂನು ಒಂದು ಯೋಜನೆ ಬರೆದಿಟ್ಟಿತು. ಕಪ್ಪುವರ್ಣೀಯರ, ಬುಡಕಟ್ಟು ಜನರ, ಲ್ಯಾಟಿನೊ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳ ಶಿಕ್ಷಕ ತರಬೇತಿಗೆ ನೆರವು ಕೊಡುವ ಯೋಜನೆ. ಮೊದಲ ಹಣ, 80 ಲಕ್ಷ ಡಾಲರ್, ಬಂದದ್ದು 2022ರ ಬಜೆಟ್ಟಿನಲ್ಲಿ. ನೋಡಿ, ಕಾಗದದಿಂದ ಖಜಾನೆಗೆ ಬರಲು ಹದಿನಾಲ್ಕು ವರ್ಷ! 2025ರಲ್ಲಂತೂ ಗಾಳಿ ತಿರುಗಿತು. ವೈವಿಧ್ಯದ ಹೆಸರಿನಲ್ಲಿ ತಾರತಮ್ಯ ಆಗುತ್ತಿದೆ ಎಂದು ಟ್ರಂಪ್ ಆಡಳಿತ ಶಿಕ್ಷಕ ತರಬೇತಿಯ ಹಲವು ಅನುದಾನಗಳನ್ನು ನಡುದಾರಿಯಲ್ಲೇ ರದ್ದು ಮಾಡಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಮೊಕದ್ದಮೆ ನಡೆಯುವಾಗಲೂ ರದ್ದತಿ ಮುಂದುವರಿಯಲಿ ಎಂದಿತು.

ಅಲ್ಲಿರುವ ಕನ್ನಡದ ಮನೆಗಳವರಿಗೆ ಒಂದು ಮಾತು. ಎಫ್-1 (ವಿದ್ಯಾರ್ಥಿ) ಅಥವಾ ಎಚ್-4 (ಕೆಲಸಕ್ಕೆ ಬಂದವರ ಕುಟುಂಬದ) ವೀಸಾದಲ್ಲಿರುವ ಮಕ್ಕಳಿಗೆ ಟೀಚ್ ಗ್ರಾಂಟ್ ಸಿಗುವುದಿಲ್ಲ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರು ಎಫ್‌ಎಎಫ್‌ಎಸ್‌ಎ ಎಂಬ ಸರ್ಕಾರಿ ನೆರವಿನ ಅರ್ಜಿ ತುಂಬಿ ಕೇಳಬಹುದು. ಸಹಿ ಹಾಕುವ ಮುಂಚೆ ಮಗ ಅಥವಾ ಮಗಳು ನಾಲ್ಕು ವರ್ಷ ಅಂಥ ಶಾಲೆಯಲ್ಲಿ ಕಲಿಸಲು ಮನಸಾರೆ ಸಿದ್ಧರಿದ್ದಾರಾ ಕೇಳಿ. ಕೆಲಸ ಸಿಗಬಹುದಾದ ಶಾಲೆ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ. ಪ್ರತಿ ವರ್ಷದ ಫಾರ್ಮಿನ ಒಂದು ಪ್ರತಿ ಮನೆಯಲ್ಲೂ ಇರಲಿ.