ಕೊರೊನಾ ಹೋದ ಮೇಲೆ ಬರುವ ಜ್ವರ

ಮಗುವಿಗೆ ಎರಡು ದಿನ ಮೂಗು ಸೋರುತ್ತದೆ, ಆಮೇಲೆ ಎಂದಿನಂತೆ ಆಡಿಕೊಂಡಿರುತ್ತದೆ. ಅದು ಕೊರೊನಾ ಅಂತ ಎಷ್ಟೋ ಸಲ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ತಿಂಗಳು ಕಳೆದ ಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ. ಮೂರು ದಿನವಾದರೂ ಇಳಿಯುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ. ಅಪೆಂಡಿಕ್ಸ್ ಇರಬಹುದು ಅಂತಲೇ ಮೊದಲು ಅನುಮಾನ ಬರುತ್ತದೆ. ತಿಂಗಳ ಹಿಂದಿನ ನೆಗಡಿ ಯಾರ ನೆನಪಲ್ಲೂ ಇರುವುದಿಲ್ಲ, ಅಲ್ವಾ?

2020ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಕ್ಕಳ ವೈದ್ಯರು ಗಾಬರಿಯಾದದ್ದು ಇದನ್ನು ಕಂಡೇ. ಹತ್ತೇ ದಿನದಲ್ಲಿ ಎಂಟು ಮಕ್ಕಳು ರಕ್ತದೊತ್ತಡ ಕುಸಿದು ಐಸಿಯು ಸೇರಿದ್ದರು. ಅದಕ್ಕೂ ಮೊದಲು ಎಲ್ಲರೂ ಗಟ್ಟಿಮುಟ್ಟಾಗಿದ್ದವರು. ಇಟಲಿಯ ಬೆರ್ಗಾಮೊದಲ್ಲಿ ಕವಾಸಾಕಿ ಕಾಯಿಲೆಯನ್ನು ಹೋಲುವ ಪ್ರಕರಣಗಳು ಸುಮಾರು 30 ಪಟ್ಟು ಹೆಚ್ಚಿದ್ದವು. ಜಪಾನಿನ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ ಆ ಕಾಯಿಲೆಯಲ್ಲಿ ಪುಟ್ಟ ಮಕ್ಕಳ ರಕ್ತನಾಳಗಳಿಗೆ ಉರಿಯೂತ ಬರುತ್ತದೆ. ಆದರೆ ಹೊಸ ಕಾಯಿಲೆ ಹೆಚ್ಚಾಗಿ ಕಂಡದ್ದು ಎಂಟು, ಒಂಬತ್ತು ವರ್ಷದ ಆಸುಪಾಸಿನವರಲ್ಲಿ. ಅವರ ಹೊಟ್ಟೆ, ಚರ್ಮ, ರಕ್ತ ಎಲ್ಲವೂ ಕೆಟ್ಟಿದ್ದವು, ಹೃದಯದ ಸ್ನಾಯುವೂ ಸೋತಿತ್ತು. ಮೇ ತಿಂಗಳಲ್ಲಿ ಅದಕ್ಕೆ ಮಿಸ್-ಸಿ ಎಂಬ ಹೆಸರು ಬಂತು. ಅಂದರೆ ಮಕ್ಕಳಲ್ಲಿ ಹಲವು ಅಂಗಗಳಿಗೆ ಒಟ್ಟಿಗೇ ಬರುವ ಉರಿಯೂತ.

ಎಷ್ಟೋ ಮಕ್ಕಳ ಮೂಗಿನ ಪರೀಕ್ಷೆ ನೆಗೆಟಿವ್ ಬರುತ್ತಿತ್ತು. ರಕ್ತದಲ್ಲಿ ಮಾತ್ರ ಕೊರೊನಾ ವಿರುದ್ಧದ ಪ್ರತಿಕಾಯಗಳು ಸಿಗುತ್ತಿದ್ದವು. ಎಂದರೆ ವೈರಸ್ ಬಂದು ಹೋಗಿ ಎರಡರಿಂದ ಆರು ವಾರ ಆಗಿದೆ, ದೇಹದ ರೋಗನಿರೋಧಕ ವ್ಯವಸ್ಥೆ ಮಾತ್ರ ಇನ್ನೂ ತಣ್ಣಗಾಗಿಲ್ಲ. ಯಾಕೆ ಹೀಗೆ? 2024ರಲ್ಲಿ ಒಂದು ಸುಳಿವು ಸಿಕ್ಕಿತು. ವೈರಸ್ಸಿನ ಒಂದು ಪ್ರೋಟೀನಿನ ತುಣುಕು ನಮ್ಮ ಜೀವಕೋಶದಲ್ಲೇ ಇರುವ ಎಸ್‌ಎನ್‌ಎಕ್ಸ್8 ಎಂಬ ಪ್ರೋಟೀನಿನ ತುಣುಕನ್ನು ಹೋಲುತ್ತದೆ. ಪರೀಕ್ಷಿಸಿದ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನರ ಪ್ರತಿಕಾಯಗಳು ಈ ಸ್ವಂತ ಪ್ರೋಟೀನಿಗೂ ಅಂಟಿಕೊಳ್ಳುತ್ತಿದ್ದವು. ಉಳಿದ ಮಕ್ಕಳ ಕಥೆ ಇದರಿಂದ ಪೂರ್ತಿ ಬಿಡಿಸಿದಂತಾಗುವುದಿಲ್ಲ.

ಇಂಥ ಮಗುವನ್ನು ಹತ್ತಿರದಿಂದ ನೋಡಿದರೆ ಎರಡೂ ಕಣ್ಣು ಕೆಂಪಾಗಿರಬಹುದು, ಕೀವು ಮಾತ್ರ ಇರುವುದಿಲ್ಲ. ತುಟಿ ಒಡೆದು ಕೆಂಪಾಗಿರಬಹುದು. ವೈದ್ಯರು ಬೆರಳಿನ ಉಗುರನ್ನು ಒತ್ತಿ ಬಿಡುತ್ತಾರೆ. ಬೆಳ್ಳಗಾದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ ರಕ್ತ ಬೆರಳ ತುದಿಗೆ ಸರಿಯಾಗಿ ತಲುಪುತ್ತಿಲ್ಲ ಎಂಬ ಅನುಮಾನ. ಆಗ ಕಾಯುವ ಹಾಗಿಲ್ಲ. ರಕ್ತಪರೀಕ್ಷೆ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ತಕ್ಷಣ ಆಗಬೇಕು.

ಅಷ್ಟು ಬೇಗ ಆ ಕಡೆ ಯೋಚನೆ ಹರಿಯಬೇಕಾದರೆ ಮನೆಯವರ ಒಂದು ಮಾತು ಬೇಕು: 'ತಿಂಗಳ ಹಿಂದೆ ಇವನಿಗೆ ನೆಗಡಿ ಆಗಿತ್ತು, ಮನೆಯಲ್ಲಿ ಒಬ್ಬರಿಗೆ ಕೊರೊನಾ ಇತ್ತು.' ಇದನ್ನು ಯಾರೂ ಕೇಳದಿದ್ದರೂ ಹೇಳಿಬಿಡಿ.

ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಡ್ರಿಪ್ ಮತ್ತು ಸ್ಟೀರಾಯ್ಡ್ ಇದರ ಮುಖ್ಯ ಚಿಕಿತ್ಸೆ. ಹೊತ್ತಿಗೆ ಸಿಕ್ಕರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಲಸಿಕೆ ಬಂದ ಮೇಲೆ, ಕೊರೊನಾದ ಒಮಿಕ್ರಾನ್ ತಳಿ ಹರಡಿದ ಮೇಲೆ ಈ ಕಾಯಿಲೆ ತುಂಬಾ ಅಪರೂಪವಾಗಿದೆ.

ಮನೆಗೆ ಬಂದ ವಾರದಲ್ಲೇ ಮಗು ಓಡಲು ಹೊರಡುತ್ತದೆ. ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಮಾತ್ರ ಕೆಲವು ತಿಂಗಳು ಜೋರಿನ ಆಟ ಬೇಡ. ಮತ್ತೊಮ್ಮೆ ಎಕೋ ಮಾಡಿಸಿ, ವೈದ್ಯರು ಹೂಂ ಅಂದ ಮೇಲೆ ಓಡಲಿ.