ಚೀಟಿ ಹರಿದರೆ ಕ್ರೇಟ್ ಖಾಲಿಯಾಗಲ್ಲ

ಕೋಲಾರದ ಒಂದು ಟೊಮೆಟೊ ಮಂಡಿಗೆ ನಾನು ಕಂಪ್ಯೂಟರ್ ಭಾಷೆಯಾದ ಸಿ ಪ್ಲಸ್ ಪ್ಲಸ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬೆಳಿಗ್ಗೆ ಹರಾಜಿನ ಹೊತ್ತಲ್ಲಿ ಚೆನ್ನಾಗೇ ಓಡುತ್ತಿತ್ತು. ಮಧ್ಯಾಹ್ನ ಕೆರೆಗಿಳಿದ ಎಮ್ಮೆ ಥರ, ಅಲ್ಲಾಡುತ್ತಲೇ ಇರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. "ಯಾರದ್ದೋ ದೃಷ್ಟಿ ಸಾರ್" ಅಂದ ಯಜಮಾನರು ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ನಿಂಬೆಹಣ್ಣು ಬಾಡಿತು, ಕಾಟ ತಪ್ಪಲಿಲ್ಲ. ತಪ್ಪು ನನ್ನದೇ ಆಗಿತ್ತು.

ಕಂಪ್ಯೂಟರಿನ ಮೆಮೊರಿಯನ್ನು ಮಂಡಿಯ ಅಂಗಳ ಅಂದುಕೊಳ್ಳಿ. ಪಾಯಿಂಟರ್ ಅಂದರೆ ಅಲ್ಲಿನ ಜಾಗದ ನಂಬರ್ ಬರೆದ ಚೀಟಿ, ಅಷ್ಟೇ. 'ನ್ಯೂ' ಅಂದರೆ ಅಂಗಳದಲ್ಲಿ ಜಾಗ ಹಿಡಿದು ಚೀಟಿ ಕೊಡು ಅಂತ. ಆದರೆ 'ಡಿಲೀಟ್' ಅಂದರೆ ಅಳಿಸಿಹಾಕುವುದು ಅಂತ ಜಾಸ್ತಿ ಜನ ನಂಬಿದ್ದಾರಲ್ಲ, ಅದು ನನಗೆ ಸಿಟ್ಟು ತರಿಸುತ್ತೆ. ಗುಮಾಸ್ತ ಲೆಡ್ಜರಿನಲ್ಲಿ 'ಜಾಗ ಖಾಲಿ' ಅಂತ ಬರೆದುಕೊಳ್ಳುತ್ತಾನೆ, ಮುಗೀತು. ಹಣ್ಣು ಇನ್ನೂ ಅಲ್ಲೇ ಬಿದ್ದಿರಬಹುದು. ಹಳೇ ಚೀಟಿಯೂ ನಿಮ್ಮ ಜೇಬಲ್ಲೇ ಇದೆ. ಅರ್ಧ ಗಂಟೆ ಬಿಟ್ಟು ಅದನ್ನೇ ಹಿಡಿದು ಹೋದರೆ, ಅಲ್ಲಿ ಶ್ರೀನಿವಾಸಪುರದ ಇನ್ಯಾರದ್ದೋ ಕ್ರೇಟ್ ಕೂತಿರಬಹುದು. ಇಲ್ಲವೇ ನಿಮ್ಮ ಹಳೇ ಹಣ್ಣೇ ಸಿಗಬಹುದು. ಹೀಗೆ ಒಂಬತ್ತು ಸಲ ಸರಿಯಾಗಿ ನಡೆದು ಹತ್ತನೇ ಸಲ ಕೈಕೊಡುವುದೇ ಇದರ ಕಷ್ಟ.

ಡಿಲೀಟ್ ಮಾಡದೆ ಚೀಟಿ ಕಳೆದುಕೊಂಡರೋ, ಅದು ಇನ್ನೊಂದು ಕಥೆ. ಜಾಗ ಹಿಡಿದೇ ಇರುತ್ತೆ, ಯಾರಿಗೂ ಸಿಗಲ್ಲ. ಇದಕ್ಕೇ ಮೆಮೊರಿ ಲೀಕ್ ಅನ್ನೋದು. ಪ್ರೋಗ್ರಾಂ ಮುಚ್ಚಿದಾಗ ಆಪರೇಟಿಂಗ್ ಸಿಸ್ಟಂ ಇಡೀ ಅಂಗಳ ಗುಡಿಸಿ ವಾಪಸ್ ತಗೊಳ್ಳುತ್ತೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದುದು ಅದಕ್ಕೇ.

ಆದರೆ ನಾನು ಡಿಲೀಟ್ ಬರೆದಿದ್ದೆ! 'ಮಾಲು' ಅನ್ನೋ ಕ್ಲಾಸ್ (ಸರಕು ಹೇಗಿರಬೇಕು ಅನ್ನೋ ಅಚ್ಚು), ಅದರಿಂದ ಹುಟ್ಟಿದ 'ಟೊಮೆಟೊ'. ಟೊಮೆಟೊ ಲಾಟಿಗೆಲ್ಲ ಒಂದೊಂದು ಫೋಟೋ. 1920 ಅಡ್ಡ, 1080 ಉದ್ದ, ಚುಕ್ಕಿಗೆ 3 ಬೈಟ್: ಬಿಚ್ಚಿಟ್ಟರೆ ಸುಮಾರು 6 ಎಂಬಿ. ಚೀಟಿಯ ಮೇಲೆ ಮಾತ್ರ ಬರೀ 'ಮಾಲು' ಅಂತಿತ್ತು. ಡಿಲೀಟ್ ಅಂದಾಗ ಹಮಾಲಿ ಚೀಟಿ ನೋಡಿ ಮಾಲಿನಷ್ಟನ್ನು ಎತ್ತಿ ಹೋದ. ಹಿಂದಿನ ಕೋಣೆಯಲ್ಲಿ ಫೋಟೋ ಇದೆ ಅಂತ ಅವನಿಗೆ ಯಾರು ಹೇಳಿದ್ದರು? 300 ಲಾಟಿಗೆ 1,800 ಎಂಬಿ ಮೇಲೆ. ಆ ಹಳೇ ಕಂಪ್ಯೂಟರಿನಲ್ಲಿ ಇದ್ದದ್ದೇ 2 ಜಿಬಿ. (ಹೀಗೆ ಡಿಲೀಟ್ ಮಾಡಿದರೆ ಏನು ಬೇಕಾದರೂ ಆಗಬಹುದು ಅನ್ನುತ್ತೆ ಭಾಷೆಯ ನಿಯಮ. ನನಗೆ ಬರೀ ಲೀಕ್ ಆಯ್ತು, ಪುಣ್ಯ.)

ಡಿಲೀಟ್ ಮಾಡಿದಾಗ ಜಾಗ ಬಿಡುವ ಮುಂಚೆ ಓಡಿ ಗುಡಿಸೋ ಕೋಡಿಗೆ ಡಿಸ್ಟ್ರಕ್ಟರ್ ಅಂತಾರೆ. ಮಾಲಿನ ಡಿಸ್ಟ್ರಕ್ಟರ್ ಮುಂದೆ 'ವರ್ಚುಯಲ್' ಅಂತ ಒಂದು ಪದ ಸೇರಿಸಿದೆ. ಚೀಟಿಯನ್ನಲ್ಲ, ಮಾಲನ್ನೇ ಕೇಳು, ನೀನು ನಿಜವಾಗಿ ಯಾರು ಅಂತ. ಅಷ್ಟೇ ಅದರ ಅರ್ಥ.

ಈ ಗುಡಿಸೋ ಕೆಲಸವನ್ನು ಯಂತ್ರಕ್ಕೇ ಬಿಡುವ ಉಪಾಯ ಹೊಸದೇನಲ್ಲ. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗೆ 1959ರ ಸುಮಾರಿಗೇ ಅದನ್ನು ತಂದಿದ್ದರು. ಬಿಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುಮಾಡಿದ ಭಾಷೆ, ಅಂದರೆ ಈ ಸಿ ಪ್ಲಸ್ ಪ್ಲಸ್, ಮಾತ್ರ ಪೊರಕೆಯನ್ನು ನಮ್ಮ ಕೈಗೇ ಕೊಟ್ಟಿತು. 2011ರಲ್ಲಿ ತಾನೇ ಡಿಲೀಟ್ ಮಾಡುವ ಚೀಟಿ, ಯುನಿಕ್ ಪಾಯಿಂಟರ್ ಬಂತು, ಡಿಲೀಟ್ ಮರೆಯುವ ಭಯ ಹೋಯ್ತು. ಆದರೆ ಅದರ ಮೇಲೂ 'ಮಾಲು' ಅಂತಲೇ ಬರೆದು ವರ್ಚುಯಲ್ ಬಿಟ್ಟರೆ, ಫೋಟೋ ಹಿಂದಿನ ಕೋಣೆಯಲ್ಲೇ.